ಪಡಸಾಲೆಯ ಐರ್ಲೆಂಡ್

ಸೇಡಂನ ನಮ್ಮ ಮನೆಯಲ್ಲಿ ಹೈದರಾಬಾದಿನ ಮಾತನ್ನು ಎತ್ತುವಂತಿರಲಿಲ್ಲ; ಐರ್ಲೆಂಡಿನ ಮಾತನ್ನು ಎಷ್ಟು ಹೊತ್ತಾದರೂ ಆಡಬಹುದಿತ್ತು. ಈ ಕಟ್ಟಳೆ ಹಾಕಿದವಳು ನನ್ನ ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು. ಐರ್ಲೆಂಡ್ ಎಲ್ಲಿದೆಯೆಂದು ಆಕೆಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಗರಜೂ ಇರಲಿಲ್ಲ. ಅದು ಬಲು ದೂರದ ಊರು, ಅಲ್ಲಿ ಯಾರು ಯಾರನ್ನು ಕೊಂದರೂ ಕೊಂದವನು ನಮ್ಮ ಓಣಿಯಲ್ಲಿ ನೀರಿಗೆ ಬರುವವನಲ್ಲ ಎಂಬುದಷ್ಟೇ ಆಕೆಗೆ ಸಾಕಾಗಿತ್ತು.

ಮನೆ ದೊಡ್ಡದಲ್ಲ. ಓಣಿಯ ಕಡೆಗೆ ಕಟ್ಟೆ, ಹೊಸ್ತಿಲು ದಾಟಿದರೆ ಪಡಸಾಲೆ, ಅದರ ಎಡಕ್ಕೆ ಲಿಂಗಪೂಜೆಯ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ತೆರೆದ ಅಂಗಳ. ನೆಲಕ್ಕೆಲ್ಲ ಶಹಾಬಾದದ ಫರಸಿ ಕಲ್ಲು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ನೀರು ಚೆಲ್ಲಿ, ಒರೆಸಿ, ಚಾಪೆಯಿಲ್ಲದೆ ಮಲಗುತ್ತಿದ್ದೆವು. ಅಂಗಳದ ನಡುವೆ ಹಗೇವು ಇತ್ತು. ಜೋಳ ತುಂಬಿಡಲು ಹೂಜಿಯ ಆಕಾರದಲ್ಲಿ ನೆಲದೊಳಕ್ಕೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕೂಡಿರುತ್ತದೆ, ಬಾಯಿ ತೆರೆದು ಸಾಕಷ್ಟು ಹೊತ್ತು ಬಿಡದೆ ಇಳಿದವನು ಉಸಿರುಗಟ್ಟಿ ಸಾಯುತ್ತಾನೆ ಎಂಬುದು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ. ನಮ್ಮ ಹಗೇವಿನಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಕಾಳು ತುಂಬುತ್ತಿರಲಿಲ್ಲ. ಬಾಯಿಗೆ ಫರಸಿ ಮುಚ್ಚಿ ಸುತ್ತ ಗಚ್ಚು ಹಾಕಿದ್ದರು. ಒಳಗೆ ನೀರು ಇಳಿಯುತ್ತದೆ ಎಂದು ಕಾರಣ ಹೇಳುತ್ತಿದ್ದರು. ಅಕ್ಕಪಕ್ಕದ ಮನೆಗಳ ಹಗೇವುಗಳಲ್ಲಿ ನೀರು ಇಳಿಯುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಪಡಸಾಲೆಯ ಗೋಡೆಯ ಮೇಲೆ ನನ್ನ ದೊಡ್ಡಪ್ಪ ಗುರುಪಾದಪ್ಪನ ಫೋಟೊ ಇತ್ತು. ನಿಜಾಮರ ಆಳ್ವಿಕೆಯ ಕೊನೆಯಲ್ಲಿ, ಆ ಆಳ್ವಿಕೆಯ ಪರವಾಗಿ ಆಯುಧ ಹಿಡಿದ ರಜಾಕಾರರ ಕೈಯಲ್ಲಿ ಸತ್ತವನೆಂದು ಊರು ಅವನನ್ನು ನೆನೆಯುತ್ತಿತ್ತು. ಅಪ್ಪ ಆಗ ಕಲಬುರಗಿಯ ಹಾಸ್ಟೆಲಿನಲ್ಲಿ ಓದುವ ಹುಡುಗ. ಅವನು ಊರು ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು. ಮುಂದೆ ಅವನು ಸೇಡಂನಲ್ಲಿಯೇ ಇತಿಹಾಸದ ಮಾಸ್ತರನಾದ. ಹಳೆಯ ಹೈದರಾಬಾದ್ ರಾಜ್ಯವನ್ನು ಭಾಷೆಯ ಲೆಕ್ಕದಲ್ಲಿ ಮೂರು ಪಾಲು ಮಾಡಿದಾಗ ನಮ್ಮ ಪಾಲು ಮೈಸೂರು ರಾಜ್ಯಕ್ಕೆ ಬಂದದ್ದು ಅಪ್ಪನ ಪಾಲಿಗೆ ಅಣ್ಣನ ಸಾವಿಗೆ ಸಂದ ಪ್ರತಿಫಲವಾಗಿತ್ತು. ಅಣ್ಣ ಸತ್ತದ್ದರಿಂದ ನಾಡು ಒಂದಾಯಿತು. ನಾಡು ಒಂದಾದ್ದರಿಂದ ಅಣ್ಣ ಸುಮ್ಮನೆ ಸಾಯಲಿಲ್ಲ. ಈ ಎರಡು ವಾಕ್ಯಗಳ ಮೇಲೆ ಅಪ್ಪನ ಇಡೀ ಬದುಕು ನಿಂತಿತ್ತೆಂದರೆ ಹೆಚ್ಚಾಗದು.

ಅದೇ ಪಾಲಿನಲ್ಲಿ ನನ್ನ ಅವ್ವನ ತವರಾದ ತಾಂಡೂರು ಆಂಧ್ರಕ್ಕೆ ಹೋಯಿತು. ನಡುವೆ ಕೆಲವೇ ಸ್ಟೇಷನ್ನುಗಳು. ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಹೋಗುವ ಪ್ಯಾಸೆಂಜರ್ ಗಾಡಿಯೇ ತಾಂಡೂರಿಗೂ ಹೋಗುತ್ತಿತ್ತು. ಅವ್ವನ ತಂದೆತಾಯಿ ತೀರಿಕೊಂಡಿದ್ದರು. ತವರು ಎಂದು ಉಳಿದದ್ದು ಒಬ್ಬ ತಮ್ಮ, ಕಲ್ಲಿನ ಖಣಿಯಲ್ಲಿ ಗುಮಾಸ್ತನಾಗಿದ್ದ ಬಸವಂತ ಮಾಮ. ಅವನಿಗೆ ಮದುವೆಯಾಗಿರಲಿಲ್ಲ, ಹೋಗಿ ನಾಲ್ಕು ದಿನ ಇದ್ದು ಬರುವಂಥ ಮನೆ ಅಲ್ಲಿರಲಿಲ್ಲ. ಆದ್ದರಿಂದ ಅವ್ವನ ತವರು ವರ್ಷಕ್ಕೆ ಕೆಲವು ಸಲ ಗಾಡಿ ಹತ್ತಿ ನಮ್ಮ ಮನೆಗೆ ಬರುತ್ತಿತ್ತು. ಅವನು ಬರುವುದು ನಿಂತರೆ ಅದೂ ನಿಂತಂತೆ. ಈ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನು ಬಂದ ದಿನ ಅವ್ವ ರೊಟ್ಟಿ ಬಡಿಯುವ ಸಪ್ಪಳವೇ ಬೇರೆಯಾಗಿರುತ್ತಿತ್ತು.

ಕಟ್ಟಳೆ ಗಟ್ಟಿಯಾದದ್ದು ತೆಲಂಗಾಣದಲ್ಲಿ ಚಳವಳಿ ಎದ್ದ ವರ್ಷ. ಇಲ್ಲಿ ನಾನು ನೆನಪನ್ನಷ್ಟೇ ನಂಬಿಲ್ಲ. ಆ ಕಾಲದ ಇಂಗ್ಲಿಷ್ ಪತ್ರಿಕೆಗಳ ಸಂಪುಟಗಳನ್ನು ಗ್ರಂಥಾಲಯದಲ್ಲಿ ತೆಗೆಸಿ ನೋಡಿದ್ದೇನೆ. ಪ್ರತ್ಯೇಕ ರಾಜ್ಯದ ಗಲಭೆಯ ಸುದ್ದಿ ೧೯೬೯ರ ಜನವರಿಯಿಂದ ಮೊದಲ ಪುಟದಲ್ಲಿದೆ. ಉತ್ತರ ಐರ್ಲೆಂಡಿನ ಮೆರವಣಿಗೆ, ಲಾಠಿ, ಕಲ್ಲೆಸೆತದ ಸುದ್ದಿ ಅದಕ್ಕೆ ಕೆಲವು ತಿಂಗಳ ಮೊದಲೇ ವಿದೇಶದ ಪುಟಕ್ಕೆ ಬಂದಿದೆ. ಎರಡೂ ಒಂದೇ ಹಾಳೆಯ ಹಿಂದುಮುಂದಾಗಿ ಅಚ್ಚಾದ ದಿನಗಳೂ ಇವೆ. ಚಳವಳಿ ಎದ್ದ ಮೇಲೆ ಮೊದಲ ಸಲ ಮಾಮ ಬಂದಾಗ, ಬೇರೆಯಾಗಬೇಕು ಎನ್ನುವವರ ಪರವಾಗಿ ಅವನು, ಒಂದಾದ ನಾಡನ್ನು ಒಡೆಯುವುದು ದ್ರೋಹ ಎಂದು ಅಪ್ಪ, ಇಬ್ಬರ ದನಿ ಓಣಿಗೆ ಕೇಳುವಷ್ಟು ಏರಿತು. ಆಯಿ ಒಳಗಿನಿಂದ ಬಂದು ಇಬ್ಬರ ನಡುವೆ ಕುಳಿತಳು.

"ಬಸವಂತಾ, ನೀ ಬಂದದ್ದು ಅಕ್ಕನ್ನ ನೋಡ್ಲಿಕ್ಕೋ, ಗದ್ಲ ಹಚ್ಚಲಿಕ್ಕೋ?"

"ಅಕ್ಕನ್ನ ನೋಡ್ಲಿಕ್ಕರಿ, ಆಯಿ."

"ಹಂಗಾರ ಹೈದರಾಬಾದ ಸುದ್ದಿ ಹೊಸ್ತಲ ಹೊರಗ ಇಟ್ಟು ಬಾ. ನಿನಗೂ ಅಷ್ಟ, ಮಾಸ್ತರ. ಹಳೇದು, ಹೊಸದು, ಯಾವುದೂ ಬ್ಯಾಡ. ಎತ್ತಿದವಗ ನನ್ನ ಮನ್ಯಾಗ ರೊಟ್ಟಿ ಇಲ್ಲ."

ಮಗನ ಮೇಲೆ ಸಿಟ್ಟು ಬಂದಾಗ ಆಯಿ ಅವನನ್ನು ಮಾಸ್ತರ ಎನ್ನುತ್ತಿದ್ದಳು. ಇಬ್ಬರೂ ತಲೆ ತಗ್ಗಿಸಿದರು. ಆದರೆ ಮುಂದಿನ ಸಲ ಮಾಮ ಬಂದಾಗ ಅಪ್ಪ ಪತ್ರಿಕೆಯ ವಿದೇಶದ ಪುಟ ಮಡಿಸಿಟ್ಟುಕೊಂಡು ಕಾಯುತ್ತಿದ್ದ. ಸ್ವಾತಂತ್ರ್ಯದ ಕಾಲದ ಓದಿದ ಹುಡುಗರಂತೆ ಅವನಿಗೂ ಐರಿಷರ ಹೋರಾಟದ ಮೇಲೆ ಭಕ್ತಿ. ಆ ದ್ವೀಪವನ್ನು ಇಂಗ್ಲಿಷರು ಎರಡು ಹೋಳು ಮಾಡಿ ಉತ್ತರದ ತುಂಡನ್ನು ತಮ್ಮ ಬಳಿ ಇಟ್ಟುಕೊಂಡ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದ. ಈಗ ಅದು ಪಡಸಾಲೆಗೆ ಬಂತು.

"ನೋಡು ಬಸವಂತ, ನಡುಗಡ್ಡಿ ಒಂದು. ಸುತ್ತ ಸಮುದ್ರ. ನಡುವ ಗೆರಿ ಹೊಡದವರು ಲಂಡನ್ನಿನವರು. ಗೆರಿ ಅಳಿಸಿದ್ರ ಜಗಳ ಮುಗೀತು."

"ಗೆರಿ ಅಳಸೋದು ಸಸಾರ, ಭಾವ. ಗೆರಿ ಆ ಕಡಿ ಇದ್ದವರನ್ನ ಏನ್ ಮಾಡ್ತೀರಿ? ಅವರನ್ನೂ ಅಳಸ್ತೀರೇನು?"

"ಯಾಕ ಅಳಸಬೇಕು? ಎಲ್ಲಾ ಒಂದ ಮಂದಿ."

"ಒಂದ ಮಂದಿ ಅಂತ ನೀವು ಅನ್ಲಿಕತ್ತೀರಿ. ಅವರು ಅಂದಾರೇನು? ಯಾರರ ಹೋಗಿ ಕೇಳ್ಯಾರೇನು?"

ಆಯಿ ಒಳಗಿನಿಂದ ಕಿವಿಗೊಟ್ಟಳು, ಊರಿನ ಹೆಸರು ಪರದೇಶದ್ದೆಂದು ಖಾತ್ರಿ ಮಾಡಿಕೊಂಡಳು, ಸುಮ್ಮನಾದಳು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಡಬ್ಲಿನ್, ಬೆಲ್ಫಾಸ್ಟ್ ಎಂಬ ಹೆಸರುಗಳು ರೊಟ್ಟಿ ಪಲ್ಯದಷ್ಟೇ ಬಳಕೆಯಾದವು. ಮಾಮ ಒಮ್ಮೆ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದ. ಅವ್ವ ಬೇವಿನ ಎಲೆ ಹಾಕಿ ಕಾಯಿಸಿದ ನೀರಿನಲ್ಲಿ ಗಾಯ ತೊಳೆಯುತ್ತ ಏನಾಯಿತೆಂದು ಕೇಳಿದರೆ, ಬೆಲ್ಫಾಸ್ಟಿನಲ್ಲಿ ಲಾಠಿ ಬೀಸಿದರು ಎಂದ. ಅವ್ವ ನಗುತ್ತ ಅತ್ತಳು. ಅಪ್ಪ ಪತ್ರಿಕೆಯಿಂದ ಮುಖ ತೆಗೆಯಲಿಲ್ಲ, ಆದರೆ ಆ ದಿನ ಅವನು ವಾದಕ್ಕೂ ಇಳಿಯಲಿಲ್ಲ.

ಓಣಿಯೂ ಈ ಪದ್ಧತಿ ಕಲಿಯಿತು. ಎಲ್ಲರಿಗಿಂತ ಬೇಗ ಕಲಿತವನು ಎದುರುಮನೆಯ ಮಲ್ಕಣ್ಣ ಕಾಕಾ. ಅಪ್ಪನಿಗಿಂತ ಹಿರಿಯ, ಮೆಣಸಿನಕಾಯಿ ವ್ಯಾಪಾರದವನು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಗಿಣಾ ನದಿಯ ತನಕ ನಡೆಯುತ್ತಿದ್ದವನು. ಈಜು ನನಗೆ ಕಲಿಸಿದ್ದು ಅವನೇ. ಬೆಳಿಗ್ಗೆ ಕಟ್ಟೆಗೆ ಬಂದು ಕುಳಿತನೆಂದರೆ ಮೊದಲ ಮಾತು ಇದೇ.

"ಮಾಸ್ತರ್ರ, ಇವತ್ತ ಬೆಲ್ಫಾಸ್ಟ್ ಪ್ಯಾಸೆಂಜರ್ ಬರ್ತದೋ, ಇಲ್ಲೋ? ನನ್ನ ಖಾರದ ಚೀಲ ಸ್ಟೇಷನ್‌ದಾಗ ಸೀನಲಿಕತ್ತಾವ."

ಅಪ್ಪ ಕೂಡ ನಗುತ್ತಿದ್ದ. ಅಂಥ ನಗುವಿನ ಮನೆ ನಮ್ಮದು ಎಂದು ನಾನು ಬಹಳ ದಿನ ತಿಳಿದಿದ್ದೆ.

ದೊಡ್ಡಪ್ಪನ ಸ್ಮರಣೆ ಭಾದ್ರಪದ ಮಾಸದಲ್ಲಿ, ಅನಂತನ ಹುಣ್ಣಿಮೆ ಕಳೆದ ಮೇಲೆ ಬರುವ ಪಂಚಮಿಗೆ. ಆ ದಿನ ಜಂಗಮರ ಪಾದಪೂಜೆ, ಆಮೇಲೆ ಓಣಿಗೆಲ್ಲ ಊಟ. ಸತ್ತವನು ಊರಿಗಾಗಿ ಸತ್ತವನಾದ್ದರಿಂದ ಇಂಥವರನ್ನು ಕರೆ, ಇಂಥವರನ್ನು ಬಿಡು ಎನ್ನುವಂತಿರಲಿಲ್ಲ. ಹಿಂದಿನ ದಿನವೇ ಗೋಧಿ ಕುಟ್ಟಿ, ಬೆಲ್ಲ ಜಜ್ಜಿ, ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಹುಗ್ಗಿ ಕುದಿಸುತ್ತಿದ್ದರು. ಮುತ್ತುಗದ ಎಲೆಯ ಪತ್ರೋಳಿ ಹಾಸಿ ಎದುರುಬದುರು ಎರಡು ಸಾಲು. ಸಾಲಿನ ಕೊನೆಯವನು ಉಂಡು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಉಳಿದದ್ದನ್ನು ಹೆಂಗಸರು ಬಡಿಸಿದರೂ ತುಪ್ಪವನ್ನು ಮಾತ್ರ ಆಯಿ ತಾನೇ ಹಾಕುತ್ತಿದ್ದಳು. ಪ್ರತಿಯೊಬ್ಬರ ಮುಂದೆ ನಿಂತು, ಮುಖ ನೋಡಿ, ಹೆಸರು ಹಿಡಿದು, ಉಣ್ಣು ಎನ್ನುತ್ತಿದ್ದಳು.

ಆ ವರ್ಷದ ಪಂಚಮಿ ಸೆಪ್ಟೆಂಬರಿನ ಕೊನೆಗೆ ಬಿದ್ದಿತ್ತು. ಆಗಸ್ಟಿನಲ್ಲಿ ಬೆಲ್ಫಾಸ್ಟಿನ ಬೀದಿಗಳಲ್ಲಿ ಮನೆಗಳು ಸುಟ್ಟು, ಲಂಡನ್ನಿನ ಸೈನ್ಯ ಬಂದಿಳಿದು, ಸೆಪ್ಟೆಂಬರಿನಲ್ಲಿ ಎರಡು ಮತದವರ ಓಣಿಗಳ ನಡುವೆ ಬೇಲಿ ಎದ್ದಿತ್ತು. ನಮ್ಮ ಕಡೆಗೆ ತೆಲಂಗಾಣದ ಚಳವಳಿ ಗುಂಡೇಟು ತಿಂದು ಕುಗ್ಗಿತ್ತು. ಮಾಮ ಹಿಂದಿನ ಸಂಜೆಯ ಗಾಡಿಗೆ ಬಂದಿದ್ದ; ಸೋತವನ ಮುಖ. ಪಂಕ್ತಿಯಲ್ಲಿ ಅವನು ಅಪ್ಪನ ಪಕ್ಕ ಕುಳಿತ. ಎದುರಿನ ಸಾಲಿನಲ್ಲಿ, ಸರಿಯಾಗಿ ಅವನ ಮುಂದೆ, ಮಲ್ಕಣ್ಣ ಕಾಕಾ. ಹುಗ್ಗಿ ಬಡಿಸಿ ಆಗಿತ್ತು, ಆಯಿ ತುಪ್ಪದ ತಂಬಿಗೆ ಹಿಡಿದು ಆ ತುದಿಯಿಂದ ಬರುತ್ತಿದ್ದಳು. ಮಾತಿಗೆ ಮೊದಲು ಮಾಡಿದವರು ಜಂಗಮರು. ಅವರಿಗೂ ನಮ್ಮ ಮನೆಯ ಹವ್ಯಾಸ ಗೊತ್ತಿತ್ತು.

"ಏನ್ ಮಾಸ್ತರ, ನಿನ್ನ ಐರ್ಲೆಂಡ್ ಹ್ಯಾಂಗದ?"

"ಓಣಿ ಓಣಿ ನಡುವ ಬೇಲಿ ಹಾಕಲಿಕತ್ತಾರ್ರಿ, ಅಯ್ಯನೋರ. ನಾಡು ಒಂದಾಗಲಿ ಅಂತ ಅಲ್ಲಿ ಎಷ್ಟೋ ಮಂದಿ ಜೀವ ಕೊಟ್ಟಾರ. ಅಂಥವರ ಮನಿಗಿ ಬಂದು, ಅವರ ಹೆಸರಿಲೆ ಉಂಡು, ನಾವು ಬ್ಯಾರೆ ಆಗ್ತೀವಿ ಅನ್ನೋರೂ ಅದಾರ. ನಾಚಿಕಿ ಅನ್ನೋದು ಎಲ್ಲಾ ದೇಶದಾಗ ಇರಂಗಿಲ್ಲ ನೋಡ್ರಿ."

ಒಬ್ಬಿಬ್ಬರು ನಕ್ಕರು. ಅವ್ವ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಮ್ಮನ ಕಡೆ ನೋಡಿ ತಲೆಯನ್ನು ಸಣ್ಣಗೆ ಅಲ್ಲಾಡಿಸಿದಳು, ಬೇಡ ಎನ್ನುವಂತೆ. ಮಾಮ ತುತ್ತನ್ನು ಪತ್ರೋಳಿಗೆ ಇಳಿಸಿದ.

"ಬೆಲ್ಫಾಸ್ಟಿಂದು ನಾನೂ ಒಂದ ಸುದ್ದಿ ಕೇಳೀನಿ, ಭಾವ. ಹೇಳ್ಲೇನು?"

"ಹೇಳು. ಯಾರು ಬ್ಯಾಡಂದಾರ?"

"ಸೈನ್ಯ ಬಂದು ಗದ್ಲ ಮುಗದಿತ್ತು. ಹೊಡಿಯೋರು ಬಂದೂಕ ಕೆಳಗ ಇಟ್ಟು, ಸಿಕ್ಕವರು ಸಿಕ್ಕು, ಓಡಿದವರು ಓಡಿ ಹೋಗಿದ್ರು. ಹುಣ್ಣಿಮಿ ಮುಂಚಿನ ದಿನಾನ ಎಲ್ಲಾ ಮುಗದಿತ್ತು. ಆಮ್ಯಾಲ ಗೆದ್ದವರ ಸರದಿ ಬಂತು. ಸೋತವರ ಜಾತಿಯವರು ಎಲ್ಲಿ ಸಿಕ್ರ ಅಲ್ಲಿ. ಹತ್ತಿ ಹಿಂಜಿ ಗಾದಿ ಮಾಡೋ ಒಬ್ಬ ಬಡವ ಇದ್ದ. ಯಾರ ತಂಟಿಗೂ ಹೋದವನಲ್ಲ. ಹೇಣತಿ, ಒಂದು ಎಳಿ ಕೂಸು. ಅವರನ್ನ ಒಬ್ಬ ಮನಷ್ಯಾ ತನ್ನ ಹಗೇವದಾಗ ಇಳಿಸಿ ಇಟ್ಟ."

ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ಬೆಲ್ಫಾಸ್ಟಿನಲ್ಲಿ ಹಗೇವು ಇರುವುದಿಲ್ಲ.

"ಹಗೇವದ ಬಾಯಿ ಮುಚ್ಚಿದ್ರ ಒಳಗಿದ್ದವರು ಉಸರುಗಟ್ಟಿ ಸಾಯ್ತಾರ. ಅದಕ್ಕ ಕಲ್ಲು ಸ್ವಲ್ಪ ಸರಿಸಿ ಇಟ್ಟಿದ್ದ. ಕಾಳು ತುಂಬೋ ಕಾಲ ಅಲ್ಲ, ತಗಿಯೋ ಕಾಲ ಅಲ್ಲ, ಯಾಕ ತೆರದದ ಅಂತ ಒಬ್ಬವಗ ಅನುಮಾನ ಬಂತು. ಎದುರುಮನ್ಯಾವ. ದಿನಾ ಬಂದು ಕುಂದ್ರಾವ. ಅವ ಮಂದಿ ಕರಕೊಂಡು ಬಂದ. ಈ ಮನಷ್ಯಾ ಆ ಕಲ್ಲಿನ ಮ್ಯಾಲ ಕುಂತ, ಏಳಲಿಲ್ಲ. ಎಬ್ಬಸಲಿಕ್ಕ ಹೊಡದ್ರು. ಕೊಲ್ಲಲಿಕ್ಕ ಅಲ್ಲ, ಎಬ್ಬಸಲಿಕ್ಕ. ಮೊದಲ ಪೆಟ್ಟು ಎದುರುಮನ್ಯಾವಂದು. ಕುಂತಲ್ಲೇ ಜೀವ ಹೋತು. ತಮ್ಮವನ್ನ ಕೊಂದ್ವಿ ಅಂತ ಗಾಬರಿ ಬಿದ್ದು ಎಲ್ಲಾರೂ ಓಡಿದ್ರು. ಅದಕ್ಕ ಒಳಗಿನವರು ಉಳದ್ರು. 'ಸೋತವರು ಹೊಡದ್ರು' ಅಂತ ಮುಂಜಾನೆ ಆ ಓಣಿನೇ ಹೆಣ ಹೊತ್ತು ಹೇಳ್ತು. ಈಗ ವರ್ಷಾ ವರ್ಷಾ ಅವನ ಹೆಸರಿಲೆ ಉಣ್ತಾರಂತ, ಬೆಲ್ಫಾಸ್ಟ್‌ದಾಗ. ನಾಚಿಕಿ ಮಾತು ಬಂತಲ್ಲ ಭಾವ, ಅದಕ್ಕ ನೆನಪಾತು."

ಮಾಮ ಒಂದೇ ಒಂದು ಸಲವೂ ಹೈದರಾಬಾದಿನ ಹೆಸರು ಎತ್ತಿರಲಿಲ್ಲ. ದನಿ ಏರಿಸಿರಲಿಲ್ಲ. ಆಯಿ ಅಷ್ಟರಲ್ಲಿ ಸಾಲಿನ ನಡುವಿಗೆ ಬಂದಿದ್ದಳು. ನನ್ನ ಕಣ್ಣ ಮುಂದೆ ಇಂದಿಗೂ ನಿಂತಿರುವುದು ಮಲ್ಕಣ್ಣ ಕಾಕಾನ ಕೈ. ಅದು ಹುಗ್ಗಿಯೊಳಗೆ ಹಾಗೆಯೇ ಇತ್ತು. ಕೊನೆಗೆ ಮಾತಾಡಿದವನೂ ಅವನೇ.

"ಉಣ್ರಿ. ಆರ್ತದ."

ಆಯಿ ನಡುವಿನವರನ್ನೆಲ್ಲ ಬಿಟ್ಟು ಅವನ ಮುಂದೆ ಹೋಗಿ ನಿಂತಳು. ತಂಬಿಗೆ ಬಗ್ಗಿಸಿದಳು. ಅವನು ಸಾಕು ಎಂದ. ಆಕೆ ನಿಲ್ಲಿಸಲಿಲ್ಲ. ಅವನು ಎರಡೂ ಕೈ ಅಡ್ಡ ಹಿಡಿದ. ತುಪ್ಪ ಬೆರಳ ಸಂದಿಯಿಂದ ಇಳಿದು, ಹುಗ್ಗಿಯನ್ನು ಮುಳುಗಿಸಿ, ಪತ್ರೋಳಿ ದಾಟಿ ಫರಸಿಯ ಮೇಲೆ ಹರಿಯಿತು. ತಂಬಿಗೆ ಬರಿದಾದ ಮೇಲೆ ಆಯಿ ಪ್ರತಿ ವರ್ಷದ ದನಿಯಲ್ಲಿಯೇ ಹೇಳಿದಳು.

"ಉಣ್ಣು, ಮಲ್ಕಣ್ಣ."

ಅವನು ಉಂಡ. ಅವನು ಮುಗಿಸುವ ತನಕ ಯಾರೂ ಏಳುವಂತಿರಲಿಲ್ಲ, ಯಾರೂ ಏಳಲಿಲ್ಲ. ಅಪ್ಪ ತನ್ನ ಪತ್ರೋಳಿಯನ್ನೇ ನೋಡುತ್ತ ಕುಳಿತಿದ್ದ.

ಜನ ಕೈ ತೊಳೆದು ಹೋದ ಮೇಲೆ ಆಯಿ ಮಾಮನನ್ನು ಹಿತ್ತಿಲ ಬಾಗಿಲಿಗೆ ಕರೆದಳು. ಅವ್ವ ಪಾತ್ರೆ ತಿಕ್ಕುತ್ತಿದ್ದಳು, ನಾನು ಅವಳ ಪಕ್ಕದಲ್ಲಿದ್ದೆ. ಆ ಸಂಭಾಷಣೆಯನ್ನು ನಾನು ಮುಂದೆ ಅವ್ವನೊಡನೆ ಎಷ್ಟೋ ಸಲ ಒರೆಹಚ್ಚಿ ನೋಡಿದ್ದೇನೆ. ಇಬ್ಬರ ನೆನಪಿನಲ್ಲೂ ಅದು ಒಂದೇ ಬಗೆಯಾಗಿತ್ತು.

"ನಿನಗ ಯಾರು ಹೇಳಿದ್ರು?"

"ಗಾದಿಯವನ ಹೇಣತಿ ಹಲೀಮಾಬೀ, ಆಯಿ. ತಾಂಡೂರದಾಗ ನಮ್ಮ ಮನಿ ಹಿಂದನ ಅದಾಳ. ಭಾಳ ವರ್ಷದಿಂದ ಗೊತ್ತದ ನನಗ. ಬಾಯಿ ಮುಚ್ಚಿಕೊಂಡ ಇದ್ದೆ."

"ನೀ ಸುಳ್ಳು ಹೇಳಿಲ್ಲ, ಬಸವಂತ. ಅದಕ್ಕ ಇನ್ನ ಈ ಮನಿಗಿ ಬರಬ್ಯಾಡ."

"ಅಕ್ಕಗ ನಾ ಒಬ್ಬಾವ ಅದೀನಿ, ಆಯಿ."

"ನನಗೂ ಒಬ್ಬಾವ ಉಳದಾನ. ನೀ ಗಾಡಿ ಹತ್ತಿ ಹೋಗ್ತಿ. ಎದುರಿನ ಬಾಗಲಾ ದಿನಾ ತೆರೀತದ. ನಾವು ಇಲ್ಲೇ ಬಾಳಬೇಕು."

ಅವ್ವ ಬೇಡಿಕೊಳ್ಳಲಿಲ್ಲ. ಎದ್ದು, ಕೈ ಒರೆಸಿಕೊಂಡು, ರೊಟ್ಟಿ ಮತ್ತು ಶೇಂಗಾದ ಚಟ್ನಿಪುಡಿ ಕಟ್ಟಿ ತಮ್ಮನ ಕೈಗೆ ಕೊಟ್ಟಳು. ಅವನು ಪಡಸಾಲೆ ದಾಟಿ ಹೋಗುವಾಗ ಅಪ್ಪ ಒಂದು ಮಾತು ಆಡಬಹುದಿತ್ತು. ಬಾ ಎನ್ನಬಹುದಿತ್ತು, ಹೋಗು ಎನ್ನಬಹುದಿತ್ತು. ಅವನು ಕನ್ನಡಕ ಒರೆಸುತ್ತಿದ್ದ.

ಸಂಶೋಧನೆಯ ಕೆಲಸದಿಂದ ನಿವೃತ್ತಳಾದ ಮೇಲೆಯೂ ಕಂಡ ತಾರೀಖನ್ನೆಲ್ಲ ಇನ್ನೊಂದು ಆಧಾರದೊಡನೆ ತಾಳೆ ನೋಡುವ ಚಾಳಿ ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಮೂಲ ಆ ಪಂಕ್ತಿಯೇ. ತಿಥಿಯನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವುದನ್ನು ನಾನು ಕಲಿತದ್ದು ಈ ಒಂದು ದಿನಕ್ಕಾಗಿ. ನಿಜಾಮರ ಸೈನ್ಯ ಶರಣಾಗಿ ರಜಾಕಾರರ ಕಾಲ ಮುಗಿದದ್ದು ೧೯೪೮ರ ಸೆಪ್ಟೆಂಬರ್ ಹದಿನೇಳರಂದು. ಅನಂತನ ಹುಣ್ಣಿಮೆ ಮರುದಿನ. ಆ ಹುಣ್ಣಿಮೆಯ ನಂತರದ ಪಂಚಮಿ ಇಪ್ಪತ್ತಮೂರಕ್ಕೆ ಬರುತ್ತದೆ. ಗಣಿತದ ಪದ್ಧತಿ ಬದಲಾದರೆ ಒಂದು ದಿನ ಅತ್ತಿತ್ತ ಆದೀತು, ಹದಿನೇಳರ ಹಿಂದಕ್ಕಂತೂ ಹೋಗದು. ಆಯಿ ಓಣಿಯ ಸುಳ್ಳನ್ನು ಒಪ್ಪಿಕೊಂಡಿದ್ದಳು, ಆದರೆ ಮಗನ ತಿಥಿಯನ್ನು ಸರಿಸಿರಲಿಲ್ಲ. ಆ ಹದಿನೇಳನೆಯ ತಾರೀಖನ್ನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದವನು ಅಪ್ಪ. ಪಂಚಮಿಗೆ ಅಣ್ಣನ ಫೋಟೊಕ್ಕೆ ಹೂ ಏರಿಸಿದವನೂ ಅವನೇ. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಲು ಅವನಿಗೆ ಪಂಚಾಂಗಕರ್ತನ ಹಂಗು ಬೇಕಿರಲಿಲ್ಲ. ನೋಡಿದ್ದನೋ ಇಲ್ಲವೋ ಎಂಬುದಕ್ಕೆ ನನ್ನ ಬಳಿ ಆಧಾರವಿಲ್ಲ, ಆದ್ದರಿಂದ ಬರೆಯಲಾರೆ. ಆ ದಿನದಿಂದ ಅವನು ಐರ್ಲೆಂಡಿನ ಹೆಸರು ಎತ್ತಲಿಲ್ಲ ಎಂಬುದನ್ನು ಮಾತ್ರ ಬರೆಯಬಲ್ಲೆ. ತರಗತಿಯಲ್ಲಿಯೂ ಆ ಪಾಠ ನಿಂತಿತೆಂದು ಅವನ ಶಿಷ್ಯರೊಬ್ಬರು ಹೇಳಿದ್ದಾರೆ. ಈಗ ಮತ್ತೆ ಆ ದ್ವೀಪವನ್ನು ಒಂದು ಮಾಡುವ ಮಾತು ಪತ್ರಿಕೆಗಳಲ್ಲಿ ಬರುತ್ತಿದೆ. ಜನಮತ ಕೇಳಿಯೇ ಮಾಡಬೇಕೆಂದು ಅಲ್ಲಿ ಒಪ್ಪಂದವಿದೆ. ಮಾಮ ಕೇಳಿದ್ದ ತೆಲಂಗಾಣವೂ ಬೇರೆಯಾಗಿ ವರ್ಷಗಳಾದವು. ವಾದಿಸುತ್ತಿದ್ದ ಇಬ್ಬರೂ ಇಲ್ಲ.

ಮುಂದಿನ ವರ್ಷದ ಪಂಚಮಿಗೆ ಮಲ್ಕಣ್ಣ ಕಾಕಾ ಬರಲಿಲ್ಲ. ಸಾಲು ಕುಳಿತ ಮೇಲೆ ಆಯಿ ತಂಬಿಗೆ ಕೆಳಗಿಟ್ಟು, ಓಣಿ ದಾಟಿ, ಅವನನ್ನು ಕರೆದುಕೊಂಡು ಬಂದಳು. ಮಗನನ್ನು ಹೊಡೆದವನನ್ನು ಕರೆದಳು. ಹೊಡೆದನೆಂದು ಹೇಳಿದವನನ್ನು ಕರೆಯಲಿಲ್ಲ. ಅವ್ವ ಅಂದಿನಿಂದ ಪಂಕ್ತಿಗೆ ಬಡಿಸಲು ಹೊರಗೆ ಬರಲಿಲ್ಲ. ಅಡುಗೆಮನೆಯಿಂದ ಪಾತ್ರೆ ತುಂಬಿಕೊಡುತ್ತಿದ್ದಳು, ಅಷ್ಟೇ. ಕಾಕಾ ಕಟ್ಟೆಗೆ ಬರುವುದನ್ನು ಬಿಟ್ಟ. ನದಿಗೆ ಹೋಗೋಣ ಎಂದು ನಾನೂ ಕೇಳಲಿಲ್ಲ.

ಮಾಮ ತೀರಿಕೊಂಡದ್ದು ೧೯೭೨ರ ಚಳಿಗಾಲದಲ್ಲಿ, ಕಾಮಣಿ ರೋಗದಿಂದ. ಆಂಧ್ರದಲ್ಲಿ ಮತ್ತೆ ಗಲಭೆ ಎದ್ದು ಗಾಡಿಗಳು ಹೊತ್ತು ತಪ್ಪಿದ್ದವು. ಉತ್ತರ ಐರ್ಲೆಂಡಿನಲ್ಲಿ ಅತಿ ಹೆಚ್ಚು ಜನ ಸತ್ತದ್ದೂ ಅದೇ ವರ್ಷ ಎಂಬುದನ್ನು ನಾನು ಆಮೇಲೆ ನೋಡಿ ತಿಳಿದೆ. ಅವನು ಮಲಗಿದ ಸುದ್ದಿಯೂ ಸತ್ತ ಸುದ್ದಿಯೂ ಒಟ್ಟಿಗೇ ಬಂದವು, ಕಲ್ಲಿನ ಲಾರಿಯವನ ಬಾಯಲ್ಲಿ. ಗದ್ದಲ ಇದೆ, ನಿಂತ ಮೇಲೆ ಹೋದರಾಯಿತು ಎಂದ ಅಪ್ಪ. ಅವ್ವ ನನ್ನ ಕೈ ಹಿಡಿದು ಅದೇ ಲಾರಿ ಹತ್ತಿದಳು. ಆಯಿ ತಡೆಯಲಿಲ್ಲ.

ನಾವು ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು. ಒಂದೇ ಕೋಣೆಯ ಮನೆ. ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟಿದ್ದರು. ಒಲೆಯ ಮುಂದೆ ಬಿಳಿಗೂದಲಿನ ಹೆಂಗಸೊಬ್ಬಳು ನಮಗಾಗಿ ಗಂಜಿ ಕಾಯಿಸುತ್ತಿದ್ದಳು. ಅವಳು ಹೆಸರು ಹೇಳುವ ಮೊದಲೇ ಯಾರೆಂದು ಅವ್ವನಿಗೆ ಗೊತ್ತಾಯಿತು.

"ಗುರುಪಾದಪ್ಪನ ಅವ್ವ ಛಲೋ ಅದಾಳೇನವ್ವ?" ಎಂದು ಹಲೀಮಾಬೀ ಕೇಳಿದಳು.

"ಅದಾಳ."

"ಅವತ್ತ ಮಗನ ಹೆಣಾ ಪಡಸಾಲಿನ್ಯಾಗಿತ್ತು. ನನ್ನ ಕೂಸಿಗಿ ಹಾಲು ಕಾಸಿ ಕೊಟ್ಟು, ತಾನ ಬಂಡಿ ಹೂಡಿಸಿ ನಮಗ ಕಳಸಿದ್ಳು. ಮಾರಿ ನೋಡ್ಲಿಲ್ಲ ನಮ್ದು. ನೋಡಿದ್ರ ಕಳಸಲಿಕ್ಕ ಆಗ್ತಿದ್ದಿಲ್ಲ ಅಂತ ಕಾಣ್ತದ."

ಹೊರಗೆ ಕಲ್ಲುಪುಡಿ ಮೆತ್ತಿದ ಬಟ್ಟೆಯ ಒಬ್ಬ ಯುವಕ ನಿಂತಿದ್ದ. ಮಾಮನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೊಬ್ಬನೆಂದು ಹೇಳಿ ಹಲೀಮಾಬೀ ಅವನನ್ನು ಒಳಗೆ ಕರೆದಳು. ಅವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

ಮರುದಿನ ಸಂಜೆ ಮನೆಗೆ ಬಂದೆವು. ಆಯಿ ಅಡುಗೆಮನೆಯಲ್ಲಿ ತೊಗರಿ ಬೇಳೆ ಆರಿಸುತ್ತಿದ್ದಳು. ಅವ್ವ ಮೈಮೇಲೆ ನೀರು ಹಾಕಿಕೊಂಡು ಬಂದು ಗೋಡೆಗೆ ಒರಗಿ ಕುಳಿತಳು.

"ಯಾರ್ಯಾರು ಇದ್ರು ಅಲ್ಲಿ?"

ಮದುವೆಯಾಗಿ ಬಂದಂದಿನಿಂದ ಅವ್ವ ಆ ಮನೆಯ ಕಟ್ಟಳೆ ಮುರಿದವಳಲ್ಲ.

"ಹಲೀಮಾಬೀ ಇದ್ಳು, ಅತ್ತಿ. ನಿಮಗ ಕೇಳಿದ್ಳು."

ಆಯಿಯ ಕೈ ಮೊರದ ಮೇಲೆ ನಿಂತಿತು. ನನಗೆ ತಿಳಿದಮಟ್ಟಿಗೆ, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಆಕೆ ಈಗ ಕೇಳಿದ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ, ಕೇಳಬಹುದಾಗಿದ್ದ ಒಬ್ಬನನ್ನು ತಾನೇ ಬರಬೇಡವೆಂದಿದ್ದಳು.

"ಕೂಸು?"

"ಬದುಕ್ಯಾನ. ನನ್ನ ತಮ್ಮನ್ನ ಹೊತ್ತಾವ ಅವನೇ."

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮೊರವನ್ನು ಮತ್ತೆ ಎಳೆದುಕೊಂಡಳು, ಆದರೆ ಬೆರಳುಗಳು ಕಲ್ಲನ್ನೂ ಬೇಳೆಯನ್ನೂ ಬೇರೆಮಾಡುತ್ತಿರಲಿಲ್ಲ.

"ಈ ಮಾತು ಹೊರಗ ಬ್ಯಾಡ," ಎಂದಳು.

"ಯಾರ ಮುಂದ ಹೇಳ್ಲಿ, ಅತ್ತಿ? ನನ್ನ ಕಡಿಯವರು ಅಂತ ಯಾರು ಉಳದಾರ?"

ಅಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ನಡುವಿನ ಬಾಗಿಲು ತೆರೆದೇ ಇತ್ತು.